ಕೂಡಿಬಂದ ಸವೆತ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಚೀಟಿಯಮ್ಮ ಎಂದೇ ಕರೆಯುತ್ತಿದ್ದರು. ಆಸ್ಪತ್ರೆ, ಹೋಟೆಲುಗಳಿಂದ ಬಂದ ಬಟ್ಟೆಗಂಟುಗಳನ್ನು ತೂಕಕ್ಕೆ ಹಾಕುವುದು, ಚೀಟಿ ಹರಿದು ಗಂಟಿಗೊಂದು ಪಿನ್ನು ಮಾಡುವುದು, ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಅದನ್ನೇ ಬಿಲ್ಲಾಗಿ ಹೊಡೆಯುವುದು ಅವಳ ಕೆಲಸ. ಹಾಗೆ ನೋಡಿದರೆ ಅವಳು ಅಲ್ಲಿ ಕೆಲಸದವಳಲ್ಲ, ಅರ್ಧ ಲಾಂಡ್ರಿಯ ಒಡತಿ. ಆದರೆ ಹಸುವಿನ ಅರ್ಧ ನಿನ್ನದು ಎಂದು ಹೇಳಿ ಕೊಂಬಿನ ಕಡೆಯನ್ನು ಕೊಟ್ಟರೆ ಹಾಲು ಎಲ್ಲಿಂದ ಬಂದೀತು?

ಲಾಂಡ್ರಿ ಹಾಕಿದವರು ಅವಳ ಮಾವ. ಅವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಮೇಜಿನ ಹಿಂದೆ ಕೂರಲು ಹುಟ್ಟಿದವನು, ಚಿಕ್ಕವನು ಮೆಷಿನಿನ ಕೆಳಗೆ ಮಲಗಲು ಹುಟ್ಟಿದವನು. ಆ ಚಿಕ್ಕವನೇ ಇವಳ ಗಂಡ. ಬೇರಿಂಗಿನ ಸದ್ದು ಕೇಳಿಯೇ ಯಾವ ಮೆಷಿನಿಗೆ ಯಾವ ದಿನ ಜ್ವರ ಬರುತ್ತದೆಂದು ಹೇಳಬಲ್ಲವನಾಗಿದ್ದ. ಇಬ್ಬರು ಮಕ್ಕಳನ್ನೂ ಪೂರ್ತಿ ನಂಬದ ಮಾವ ಪಾಲುಪತ್ರದಲ್ಲಿ ಒಂದು ಮಾತು ಬರೆಸಿಹೋಗಿದ್ದರು: ಯಾರಿಗೆ ಜೊತೆ ಬೇಡವೆನಿಸುತ್ತದೋ ಅವರು ಲೆಕ್ಕದ ಪುಸ್ತಕದಲ್ಲಿರುವ ಬೆಲೆಯ ಪ್ರಕಾರ ಅರ್ಧಕ್ಕೆ ಇಷ್ಟು ಎಂದು ಬರೆದುಕೊಡಬೇಕು. ಇನ್ನೊಬ್ಬರು ಮೂವತ್ತು ದಿನದೊಳಗೆ ಆ ಬೆಲೆಗೆ ಕೊಡಲೂಬಹುದು, ಅದೇ ಬೆಲೆಗೆ ಕೊಳ್ಳಲೂಬಹುದು. ಹಣ್ಣನ್ನು ಒಬ್ಬ ಹೋಳು ಮಾಡಿದರೆ ಇನ್ನೊಬ್ಬ ಮೊದಲು ಆರಿಸಬೇಕು ಎಂದು ಚಿಕ್ಕಂದಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಮಾತನ್ನೇ ಅವರು ಛಾಪಾ ಕಾಗದದ ಮೇಲೆ ಇಳಿಸಿದ್ದರು.

ಮಾವ ಹೋದರು. ಮೂರು ವರ್ಷದ ಹಿಂದೆ ಗಂಡನೂ ಹೋದ. ಉಳಿದವನು ಭಾವ.

ಭಾವನಿಗೆ ಮೌಸ್ ಮುಟ್ಟುವುದೆಂದರೆ ಇಲಿ ಮುಟ್ಟಿದಷ್ಟೇ ಅಸಹ್ಯ. ಹಾಗಾಗಿ ತಮ್ಮ ಬದುಕಿದ್ದ ಕಾಲದಿಂದಲೂ ವರ್ಷದ ಕೊನೆಯಲ್ಲಿ ಅವನು ಇವಳ ಕುರ್ಚಿಯ ಹಿಂದೆ ನಿಂತು ಬಾಯಲ್ಲೇ ಲೆಕ್ಕ ಮಾಡಿಸುತ್ತಿದ್ದ. ಅದಕ್ಕೊಂದು ಪದ್ಧತಿ ಇತ್ತು.

"ಲಾಭ ಎಷ್ಟು ಬಂತಮ್ಮ?"

"ಹದಿಮೂರು ಲಕ್ಷ ಭಾವ."

"ಹಾಗಾದ್ರೆ ಸವೆತ ಹದಿಮೂರು ಲಕ್ಷ ಹಾಕು."

ಮೆಷಿನ್ನು ಎಷ್ಟು ಸವೆದಿದೆ ಎಂದು ಮೆಷಿನ್ನನ್ನು ನೋಡಿ ಹೇಳುವವರಿದ್ದಾರೆ. ಲಾಭವನ್ನು ನೋಡಿ ಹೇಳುವವನು ಇವನೊಬ್ಬನೇ. ಇಪ್ಪತ್ತು ವರ್ಷ ಬಾಳುವ ಯಂತ್ರಗಳನ್ನು ಅವನು ಐದಾರು ವರ್ಷದಲ್ಲಿ ಕಾಗದದ ಮೇಲೆ ಮುದಿಮಾಡಿ ಮೂಲೆಗೆ ಕೂರಿಸಿದ್ದ. ಸವೆತ ಕಳೆದು ಲಾಭ ಸೊನ್ನೆಯಾದರೆ ಇವಳ ಪಾಲೂ ಸೊನ್ನೆ. ಭಾವನಿಗೇನು, ಮೇಲ್ವಿಚಾರಣೆಯ ಸಂಬಳವೆಂದು ಪ್ರತಿ ತಿಂಗಳೂ ಕೈತುಂಬ ಬರುತ್ತಿತ್ತು.

"ಏನ್ ಮಾಡೋದಮ್ಮ, ಈ ವರ್ಷನೂ ಸವೆತ ತಿಂದ್ಬಿಡ್ತು" ಎಂದು ನಿಟ್ಟುಸಿರುಬಿಟ್ಟು ಹೋಗುತ್ತಿದ್ದ. ಒಗೆದ ಹಾಸುಬಟ್ಟೆಗಳನ್ನು ಇಸ್ತ್ರಿಯ ರೋಲರಿಗೆ ಕೊಡುವ ಹೆಂಗಸು, ಎಲ್ಲರೂ ರೋಲರಕ್ಕ ಎನ್ನುವವಳು, ಒಮ್ಮೆ ಅದನ್ನು ಕೇಳಿಸಿಕೊಂಡು, "ಆ ಸವೆತ ಅನ್ನೋನು ಯಾರೇ ಚೀಟಿಯಮ್ಮ? ಇಷ್ಟು ತಿಂದೂ ಒಂದಿನ ಮುಖ ತೋರಿಸ್ಲಿಲ್ವಲ್ಲ" ಎಂದಿದ್ದಳು.

ಆಗ ಚೀಟಿಯಮ್ಮ ನಕ್ಕಿದ್ದಳು. ಗಂಡ ಆಸ್ಪತ್ರೆ ಸೇರಿದ ಮೇಲೆ ಆ ನಗು ನಿಂತುಹೋಯಿತು. ಆಪರೇಷನ್ನಿಗೆ ಎರಡು ಲಕ್ಷ ಬೇಕಿತ್ತು. ಅವಳು ಭಾವನ ಮೇಜಿನ ಮುಂದೆ ನಿಂತು ತಮ್ಮ ಪಾಲಿನದನ್ನು ಕೊಡಿ ಎಂದು ಕೇಳಿದಳು. ಸಾಲ ಕೇಳಲಿಲ್ಲ, ದಾನ ಕೇಳಲಿಲ್ಲ. ಭಾವ ಲೆಕ್ಕದ ಹಾಳೆಯನ್ನು ಅವಳ ಕಡೆ ತಿರುಗಿಸಿ, ಪೆನ್ನಿನ ತುದಿಯಿಂದ ಸೊನ್ನೆಯನ್ನು ತೋರಿಸಿದ. "ಇದ್ರೆ ಕೊಡ್ತಿರ್ಲಿಲ್ವಾ? ಅವನು ನನ್ನ ಒಡಹುಟ್ಟಿದೋನು. ಇಲ್ಲ ನೋಡು, ಲಾಭನೇ ಇಲ್ಲ." ಅವಳು ಬಳೆ, ಸರ ಮಾರಿ ದುಡ್ಡು ಹೊಂದಿಸುವಷ್ಟರಲ್ಲಿ ಹನ್ನೊಂದು ದಿನ ಕಳೆದವು. ಡಾಕ್ಟರು ಒಂಬತ್ತನೆಯ ದಿನವೇ ತಡವಾಯಿತು ಎಂದಿದ್ದರು.

ಅತ್ತು ಮುಗಿದ ಮೇಲೆ ಅವಳಿಗೆ ಉಳಿದದ್ದು ಒಂದೇ ಪ್ರಶ್ನೆ. ಲಾಭ ಇಲ್ಲದ ಲಾಂಡ್ರಿ ತಿಂಗಳು ತಿಂಗಳು ಮೆಷಿನ್ನಿನ ಸಾಲದ ಕಂತನ್ನು ಎಲ್ಲಿಂದ ಕಟ್ಟುತ್ತಿದೆ? ಕೇಳಲು ಯಾರೂ ಇರಲಿಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ಸಂಜೆ ಶಾಲೆಯ ಲೆಕ್ಕಪತ್ರದ ತರಗತಿಗೆ ಹೆಸರು ಕೊಟ್ಟಳು. ಅಲ್ಲಿನ ಮೇಡಮ್ಮು ಸವೆತದ ಪಾಠಕ್ಕೆ ತಮ್ಮ ಚಪ್ಪಲಿಯನ್ನೇ ತೆಗೆದು ಮೇಜಿನ ಮೇಲಿಟ್ಟರು. "ಇದಕ್ಕೆ ಕೊಂಡ ದಿನ ದುಡ್ಡು ಕೊಟ್ಟೆ. ಆಮೇಲೆ ದಿನಾ ಸವೀತಾ ಇದೆ. ದಿನಾ ಸವೆದಿದ್ದಕ್ಕೆ ಯಾರಾದರೂ ಬಂದು ನನ್ನ ಹತ್ರ ದುಡ್ಡು ಇಸ್ಕೊಂಡು ಹೋಗ್ತಾರಾ? ಲಾಭದಿಂದ ಸವೆತ ಕಳೀತೀವಿ, ಸರಿ. ಆದರೆ ಆ ದುಡ್ಡು ಪೆಟ್ಟಿಗೆ ಬಿಟ್ಟು ಹೋಗಿಲ್ಲ. ಅದಕ್ಕೇ ನಗದು ಹರಿವಿನ ಪಟ್ಟಿ ಬರೆಯುವಾಗ ಕಳೆದದ್ದನ್ನ ವಾಪಸ್ಸು ಕೂಡಿಸ್ತೀವಿ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ಚೀಟಿಯಮ್ಮ ಆ ಮಾತನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು. ವಾಪಸ್ಸು ಕೂಡಿಸುತ್ತಾರಂತೆ. ಅಂದರೆ ಆ ದಿನ, ಆ ಸೊನ್ನೆಯ ಹಿಂದೆ ದುಡ್ಡು ಇತ್ತು.

ಅಂದಿನಿಂದ ಅವಳು ಭಾವನಿಗೆ ಎದುರಾಡುವುದನ್ನು ಪೂರ್ತಿ ಬಿಟ್ಟಳು. ಕೋಪ ಬಂದ ಕೂಡಲೇ ಆಡಿ ತೀರಿಸಿಕೊಳ್ಳುವವರದು ಹುಲ್ಲಿನ ಬೆಂಕಿ. ಇವಳದು ಹೊಟ್ಟಿನ ಬೆಂಕಿ, ಮೇಲೆ ಬೂದಿ, ಒಳಗೆ ಕೆಂಡ. ಎರಡು ವರ್ಷ ಹಾಗೆಯೇ ಕಾದಳು.

ಈ ವರ್ಷ ಮೆಷಿನ್ನಿನ ಸಾಲ ಪೂರ್ತಿ ತೀರಿತು. ಇನ್ನು ಮುಂದೆ ಬಂದದ್ದೆಲ್ಲ ಕೈಗೆ. ಭಾವನ ನಡಿಗೆಯೇ ಬದಲಾಯಿತು. ವರ್ಷದ ಕೊನೆಯ ದಿನ ಬಂದು ಕುರ್ಚಿಯ ಹಿಂದೆ ನಿಂತವನು, "ಬಾಯ್ಲರ್ ಹಳೇದಾಗಿದೆ. ಅದರ ಬೆಲೆ ಸೊನ್ನೆ ಮಾಡ್ಬಿಡು" ಎಂದ.

ಅವನ ಮನಸ್ಸಿನಲ್ಲಿರುವುದು ಅವಳಿಗೆ ಆಗಲೇ ಹೊಳೆಯಿತು. ಪುಸ್ತಕದ ಬೆಲೆಯನ್ನು ಇಳಿಸಿ, ಬಿಡಿಗಾಸಿಗೆ ಇವಳ ಅರ್ಧವನ್ನು ಕೊಂಡು, ಚಾಪೆ ಸುತ್ತಿ ಕಳಿಸುವ ಹಂಚಿಕೆ.

"ಮಾಡಿದೆ ಭಾವ" ಎಂದಳು. ಆಮೇಲೆ ತಲೆ ಎತ್ತದೆಯೇ, "ಡ್ರೈಯರ್‌ಗೂ ಹಾಕಲಾ? ಅದೂ ಬಹಳ ಸದ್ದು ಮಾಡುತ್ತೆ."

ಭಾವನಿಗೆ ಖುಷಿಯಾಯಿತು. "ಹಾಕು ಹಾಕು. ನಿನಗೂ ಈಗೀಗ ವ್ಯವಹಾರ ತಿಳೀತಾ ಇದೆ."

ಹದಿಮೂರು ಲಕ್ಷದ ಲಾಭಕ್ಕೆ ಸವೆತ ಹದಿನೇಳು ಲಕ್ಷವಾಯಿತು, ಲಾಂಡ್ರಿಗೆ ನಾಲ್ಕು ಲಕ್ಷ ನಷ್ಟವಾಯಿತು. ಎಲ್ಲ ಸೇರಿ ಪುಸ್ತಕದಲ್ಲಿ ಉಳಿದ ಬೆಲೆ ಹನ್ನೆರಡು ಲಕ್ಷ. ಹೊರಗೆ ಯಾರನ್ನಾದರೂ ಕರೆದು ತೋರಿಸಿದ್ದರೆ ಮೆಷಿನ್ನುಗಳಿಗೇ ಕಣ್ಣುಮುಚ್ಚಿ ಎಪ್ಪತ್ತು ಕೊಡುತ್ತಿದ್ದರು. ವಾರ ಕಳೆಯುವುದರೊಳಗೆ ಭಾವ ಪತ್ರ ಕೊಟ್ಟ: ಅರ್ಧಕ್ಕೆ ಆರು ಲಕ್ಷ.

"ಅಪ್ಪ ಬರೆಸಿದ ಹಾಗೇ ಮಾಡಿದೀನಮ್ಮ. ನೀನು ಬೇಕಾದ್ರೆ ಇದೇ ಬೆಲೆಗೆ ನನ್ನದನ್ನ ತಗೋಬಹುದು" ಎಂದು ತಾನೇ ನಕ್ಕ. "ಮೂವತ್ತು ದಿನ ಯಾಕೆ ಕಾಯ್ತೀಯ? ನಾಳೆನೇ ರುಜು ಹಾಕು. ಆರು ಲಕ್ಷ ಇಟ್ಕೊಂಡು ಆರಾಮಾಗಿರು."

"ಯೋಚನೆ ಮಾಡ್ತೀನಿ ಭಾವ" ಎಂದಳು. ಕೈಯಲ್ಲಿದ್ದ ಪತ್ರದ ಮೇಲೆ ತಾರೀಖು ಸರಿಯಾಗಿದೆಯೇ ಎಂದು ಎರಡು ಸಲ ನೋಡಿದಳು.

ಅವಳ ಹತ್ತಿರ ಇದ್ದದ್ದು ನಲವತ್ತು ಸಾವಿರ. ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತಿದ್ದವರು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡ ಒಬ್ಬ ಮೇಡಮ್ಮು. ಚೀಟಿಯಮ್ಮ ಸಾಫ್ಟ್‌ವೇರಿನಿಂದ ತೆಗೆದ ನಗದು ಹರಿವಿನ ಪಟ್ಟಿಯನ್ನು ಅವರ ಮುಂದಿಟ್ಟಳು. ಅವರು ನೋಡಿ, ಕನ್ನಡಕ ಇಳಿಸಿ, ಮತ್ತೆ ನೋಡಿದರು.

"ಇದರ ಮೇಲೆ ಸಾಲ ಕೊಡೋಕಾಗಲ್ಲಮ್ಮ."

"ಯಾಕೆ ಮೇಡಮ್?"

"ನೋಡಿ, ಈ ಪಟ್ಟೀಲಿ ಮೂರು ಭಾಗ. ಮೊದಲನೇದು ಕಸುಬಿನಿಂದ ಬಂದ ದುಡ್ಡು. ನಿಮ್ದು ಇಲ್ಲಿ ಮೂರು ಲಕ್ಷ ಅರವತ್ತು ಸಾವಿರ ಕೊರತೆ ಇದೆ. ಎರಡನೇದು ಮೆಷಿನ್ನು, ಕಟ್ಟಡ ಇಂಥವನ್ನ ಕೊಂಡಿದ್ದು, ಮಾರಿದ್ದು. ಅಲ್ಲಿ ಹದಿನೇಳು ಲಕ್ಷ ಬಂದಿದೆ. ಮೂರನೇದರಲ್ಲಿ ಸಾಲ ತೀರಿಸಿದೀರಿ. ನೋಡಿದ ಯಾರಿಗಾದ್ರೂ ಏನನ್ನಿಸುತ್ತೆ? ಬಟ್ಟೆ ಒಗೆದು ನಷ್ಟ ಮಾಡ್ಕೊಂಡು, ವರ್ಷಾ ವರ್ಷಾ ಮೆಷಿನ್ ಮಾರಿ ಸಾಲ ಕಟ್ತಿದೀರಿ ಅಂತ. ನಾಳೆ ಮಾರೋಕೆ ಏನೂ ಉಳಿಯಲ್ಲ."

"ನಾವು ಒಂದು ಬೋಲ್ಟೂ ಮಾರಿಲ್ಲ."

"ಹಾಗಾದ್ರೆ ಈ ಹದಿನೇಳು ಲಕ್ಷ ಏನು?"

ಉತ್ತರ ಅವಳ ನಾಲಗೆಯ ತುದಿಗೆ ಬಂದು ನಿಂತಿತು. ಬೇರೊಬ್ಬರ ಮುಂದೆ ತಪ್ಪಾಗಿ ಆಡಿ ನಗೆಪಾಟಲಾಗುವುದು ಬೇಡವೆಂದು ನುಂಗಿಕೊಂಡಳು. "ನಾಲ್ಕು ವರ್ಷದ್ದು ತಿದ್ದಿ ತರ್ತೀನಿ" ಎಂದಳು.

"ತಿದ್ದಿ?" ಮೇಡಮ್ಮಿನ ಹುಬ್ಬು ಏರಿತು. "ತಿದ್ದಿದ ಲೆಕ್ಕ ನೋಡಿ ನೋಡಿ ನನ್ನ ಕಣ್ಣು ಹೋಗಿರೋದಮ್ಮ."

ಮಾರನೆಯ ದಿನ ಮಧ್ಯಾಹ್ನ, ಭಾವ ಊಟಕ್ಕೆ ಹೋದ ಹೊತ್ತು ನೋಡಿ, ಅವಳು ಸಾಫ್ಟ್‌ವೇರಿನಲ್ಲಿ ಹಿಂದೆಂದೂ ತೆರೆಯದ ಪುಟವನ್ನು ತೆರೆದಳು. ಯಾವ ಖಾತೆ ಪಟ್ಟಿಯ ಯಾವ ಭಾಗಕ್ಕೆ ಸೇರಬೇಕೆಂದು ಗೊತ್ತುಮಾಡುವ ಪುಟ ಅದು. ಮೂರು ಪೆಟ್ಟಿಗೆಗಳು, ಒಂದೊಂದರಲ್ಲೂ ಖಾತೆಗಳ ಹೆಸರು. ವರ್ಷವರ್ಷದ ಸವೆತವೆಲ್ಲ ಸೇರುತ್ತ ಹೋಗುವ 'ಕೂಡಿಬಂದ ಸವೆತ' ಎನ್ನುವ ಖಾತೆ ಎರಡನೆಯ ಪೆಟ್ಟಿಗೆಯಲ್ಲಿ, ಮೆಷಿನ್ನುಗಳ ಪಕ್ಕದಲ್ಲಿ ಮಗುವಿನ ಹಾಗೆ ಕೂತಿತ್ತು. ಸಾಫ್ಟ್‌ವೇರು ಮಾರಲು ಬಂದವನು ಐದು ವರ್ಷದ ಹಿಂದೆ ಹೇಗೆ ಬಿಟ್ಟುಹೋಗಿದ್ದನೋ ಹಾಗೆ. ಮೆಷಿನ್ನಿನ ಖಾತೆಯ ಕೆಳಗೆ ಹುಟ್ಟಿದ್ದರಿಂದ ಕಂಪ್ಯೂಟರು ಅದನ್ನು ಮೆಷಿನ್ನಿನ ಕುಲಕ್ಕೇ ಸೇರಿಸಿತ್ತು. ಮೆಷಿನ್ನಿನ ಬೆಲೆ ಇಳಿಯಿತು ಅಂದರೆ ಮಾರಿದರು ಅಂತ ತಿಳಿದಿತ್ತು. ಅದಕ್ಕೇನು ಗೊತ್ತು, ಹೇಳಿದ್ದನ್ನು ಮಾಡುತ್ತದೆ. ಮೋಸ ಇಲ್ಲಿರಲಿಲ್ಲ. ಭಾವನಿಗೆ ಇಂಥ ಪುಟವೊಂದು ಇದೆಯೆಂದೇ ತಿಳಿಯದು.

ಅವಳು ಆ ಹೆಸರಿನ ಮೇಲೆ ಮೌಸನ್ನೊತ್ತಿ ಹಿಡಿದು ಮೊದಲನೆಯ ಪೆಟ್ಟಿಗೆಗೆ ಎಳೆದುಬಿಟ್ಟಳು. ಅಷ್ಟೇ ಕೆಲಸ. ಹೊಸ ಪಟ್ಟಿ ತೆರೆದುಕೊಂಡಿತು. ನಷ್ಟ ನಾಲ್ಕು ಲಕ್ಷ, ಅದರ ಕೆಳಗೇ ಸವೆತ ವಾಪಸ್ಸು ಕೂಡಿಸಿದ್ದು ಹದಿನೇಳು ಲಕ್ಷ, ಗಿರಾಕಿಗಳಿಂದ ಬಂದ ಹಳೆ ಬಾಕಿ ನಲವತ್ತು ಸಾವಿರ. ಕಸುಬಿನಿಂದ ಬಂದ ದುಡ್ಡು ಹದಿಮೂರು ಲಕ್ಷ ನಲವತ್ತು ಸಾವಿರ. ಎರಡನೆಯ ಭಾಗ ಖಾಲಿ. ಪಟ್ಟಿಯ ಕೊನೆಯ ಮೊತ್ತ ಮಾತ್ರ ಮೊದಲಿದ್ದಷ್ಟೇ, ಒಂದು ಕಾಸೂ ಆಚೀಚೆಯಾಗಿರಲಿಲ್ಲ.

ಹಳೆಯ ವರ್ಷಗಳನ್ನೂ ಒಂದೊಂದಾಗಿ ತೆಗೆದಳು. ಗಂಡ ಸತ್ತ ವರ್ಷಕ್ಕೆ ಬಂದಾಗ ತಿಂಗಳು ತಿಂಗಳಾಗಿ ಬಿಡಿಸಿ ನೋಡಿದಳು. ಅವನು ಆಸ್ಪತ್ರೆ ಸೇರಿದ ತಿಂಗಳ ನಮೂದುಗಳನ್ನು ಅವಳು ಹೊಡೆದಿರಲಿಲ್ಲ, ಅವನ ಜೊತೆ ಆಸ್ಪತ್ರೆಯಲ್ಲಿದ್ದಳು. ಆಡಿಟರ ಕಚೇರಿಯವರು ಬಂದು ಹೊಡೆದುಹೋಗಿದ್ದರು. ಕಸುಬಿನಿಂದ ಬಂದದ್ದು, ಮೊದಲೇ ಹಣದ ಪೆಟ್ಟಿಗೆಯಲ್ಲಿದ್ದದ್ದು ಸೇರಿ ಮೂರು ಲಕ್ಷ ಚಿಲ್ಲರೆ. ಮೂರನೆಯ ಭಾಗದಲ್ಲಿ ಸಾಲದ ಕಂತು ಇರಬೇಕಾದದ್ದು ಒಂದು. ಅಲ್ಲಿ ಮೂರಿದ್ದವು. ಎರಡು ಕಂತನ್ನು ಅವಧಿಗೆ ಮುಂಚೆಯೇ ಕಟ್ಟಲಾಗಿತ್ತು, ಎರಡು ಲಕ್ಷ ಎಂಟು ಸಾವಿರ. ಅವಳು ಭಾವನ ಮೇಜಿನ ಮುಂದೆ ನಿಂತ ದಿನದ ಮಾರನೆಯ ದಿನದ ತಾರೀಖು.

ನಮೂದಿನ ಕೆಳಗೆ ಟಿಪ್ಪಣಿಯೂ ಇತ್ತು. ಮುಂಗಡ ಕಟ್ಟಿದ್ದರಿಂದ ಉಳಿದ ಬಡ್ಡಿ: ಹನ್ನೊಂದು ಸಾವಿರದ ನಾನೂರು.

ರೋಲರಕ್ಕ ನೀರು ಕುಡಿಯಲು ಒಳಗೆ ಬಂದವಳು ಅವಳ ಮುಖ ನೋಡಿ ನಿಂತಳು. "ಏನಾಯ್ತೇ? ದೆವ್ವ ಕಂಡೋಳ ಹಾಗೆ ಕೂತಿದೀಯ."

"ಸವೆತ ಮುಖ ತೋರಿಸ್ತು ಕಣೇ" ಎಂದಳು ಚೀಟಿಯಮ್ಮ. ಆಮೇಲೆ ಎಲ್ಲವನ್ನೂ ಎರಡೆರಡು ಪ್ರತಿ ಪ್ರಿಂಟು ತೆಗೆದಳು.

ಬ್ಯಾಂಕಿನಲ್ಲಿ ಹಳೆಯ ಪಟ್ಟಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟಳು. "ಹೌದು ಮೇಡಮ್, ನಾನೇ ಬದಲಾಯಿಸಿದ್ದು. ಒಂದು ಖಾತೆನ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಎಳೆದೆ. ಕೊನೆ ಸಾಲು ಎರಡರಲ್ಲೂ ಒಂದೇ. ಬ್ಯಾಂಕಿನ ಪಾಸ್‌ಬುಕ್ಕೂ ಅದನ್ನೇ ಹೇಳುತ್ತೆ. ಮೆಷಿನ್ ಮಾರಿದ್ರೆ ಕೊಂಡೋರ ದುಡ್ಡು ಪಾಸ್‌ಬುಕ್ಕಲ್ಲಿ ಬಂದಿರ್ಬೇಕಲ್ಲ, ಎಲ್ಲಿದೆ ತೋರಿಸಿ."

ಮೇಡಮ್ಮು ಪಾಸ್‌ಬುಕ್ಕನ್ನು ಹಾಳೆ ಹಾಳೆಯಾಗಿ ತಿರುವಿದರು. ಆಡಿಟರಿಗೆ ಫೋನು ಮಾಡಿದರು. ಎರಡು ದಿನ ಬಿಟ್ಟು ಲಾಂಡ್ರಿಯ ಹಿಂಬಾಗಿಲಿಗೆ ಗಿರಾಕಿಯಂತೆ ಬಂದು, ಸೊನ್ನೆ ಬೆಲೆಯ ಬಾಯ್ಲರು ಬುಸುಗುಡುವುದನ್ನೂ ಸೊನ್ನೆ ಬೆಲೆಯ ಡ್ರೈಯರು ನೂರು ಟವೆಲ್ಲನ್ನು ತಿರುಗಿಸುವುದನ್ನೂ ಕಣ್ಣಾರೆ ನೋಡಿಹೋದರು.

"ಒಂದು ಮಾತು ಹೇಳ್ತೀನಿ" ಎಂದರು ಮತ್ತೆ ಕರೆಸಿಕೊಂಡು. "ಈ ಬೆಲೆ ಬಹಳ ಕಡಿಮೆ. ವಕೀಲರ ಹತ್ರ ಹೋದ್ರೆ ಏರಿಸಬಹುದು. ನಿಮ್ಮ ಅರ್ಧಕ್ಕೇ ಮೂವತ್ತೈದು ಲಕ್ಷದವರೆಗೂ ಸಿಕ್ಕೀತು."

"ಬೆಲೆ ಏರೋದು ಬೇಡ ಮೇಡಮ್. ಕಡಿಮೆನೇ ಇರ್ಲಿ. ಭಾವ ಬಹಳ ಕಷ್ಟಪಟ್ಟು ಇಳಿಸಿದಾರೆ."

ಮೇಡಮ್ಮು ಬಿದ್ದು ಬಿದ್ದು ನಕ್ಕರು. ಸಾಲ ಮಂಜೂರಾಯಿತು.

ಈ ನಡುವೆ ಭಾವ ದಿನಕ್ಕೊಮ್ಮೆ ಬಂದು ಹೋಗುತ್ತಿದ್ದ. ಮೊದಲು ಬೆಣ್ಣೆ ಹಚ್ಚಿದ. ಆಮೇಲೆ ಹೆದರಿಸಿದ, ಲಾಂಡ್ರಿ ಮುಚ್ಚುವ ಸ್ಥಿತಿಗೆ ಬಂದಿದೆ, ಆಮೇಲೆ ಆರು ಲಕ್ಷವೂ ಹುಟ್ಟುವುದಿಲ್ಲ ಎಂದ. ಇಪ್ಪತ್ತನೆಯ ದಿನ ಓರಗಿತ್ತಿಯನ್ನೂ ಕರೆತಂದ. ಆಕೆ ಕುರ್ಚಿಯ ಅಂಚಿನಲ್ಲಿ ಕೂತು, "ಒಬ್ಬಂಟಿ ಹೆಂಗಸು, ನಿನಗ್ಯಾಕೆ ಈ ಬಟ್ಟೆ ರಾಶಿ?" ಎಂದಳು. "ಹೌದಕ್ಕ, ನನಗೂ ಸಾಕಾಗಿದೆ" ಎಂದು ಚೀಟಿಯಮ್ಮ ಕಾಫಿ ತರಿಸಿಕೊಟ್ಟಳು. ಗಂಡಹೆಂಡಿರು ಹಗುರಾಗಿ ಎದ್ದುಹೋದರು. ಆ ಹಗುರವನ್ನು ಕಿಟಕಿಯಿಂದ ನೋಡುತ್ತ ನಿಂತಾಗ ಅವಳಿಗಾದ ಸುಖವನ್ನು ಯಾರಿಗೂ ಹೇಳುವಂತಿರಲಿಲ್ಲ.

ಇಪ್ಪತ್ತೊಂಬತ್ತನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಆಡಿಟರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಬ್ಯಾಂಕಿನ ಚೆಕ್ಕನ್ನು ಭಾವನ ಮೇಜಿನ ಮೇಲಿಟ್ಟಳು.

ಭಾವ ಪೆನ್ನನ್ನು ಅವಳ ಕಡೆ ಚಾಚಿದ್ದ, ರುಜು ಹಾಕಲಿ ಎಂದು. ಚೆಕ್ಕನ್ನು ನೋಡಿ ಕೈ ಹಾಗೇ ನಿಂತಿತು. "ಏನಿದು?"

"ಆರು ಲಕ್ಷ. ನಿಮ್ಮ ಅರ್ಧಕ್ಕೆ. ರುಜು ನೀವು ಹಾಕ್ಬೇಕು ಭಾವ."

"ತಮಾಷೆನಾ? ನಿನಗೆ ಯಾರು ಕೊಟ್ರು ಇಷ್ಟು ದುಡ್ಡು?"

"ಲಾಂಡ್ರಿನೇ ಕೊಡ್ತು. ವರ್ಷಕ್ಕೆ ಹದಿಮೂರು ಲಕ್ಷ ದುಡಿಯೋ ಲಾಂಡ್ರಿಗೆ ಆರು ಲಕ್ಷ ಸಾಲ ಹುಟ್ಟಲ್ವಾ?"

ಭಾವ ಆಡಿಟರ ಕಡೆ ತಿರುಗಿದ. ಆಡಿಟರು ಪಾಲುಪತ್ರದ ಆ ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದರು.

"ಅರ್ಧ ಅಂದ್ರೆ ಮೂವತ್ತೈದು ಲಕ್ಷದ ಮಾಲು!" ಭಾವನ ಧ್ವನಿ ಏರಿತು. "ರೋಲರೊಂದೇ ಹದಿನೈದು ಲಕ್ಷ ಬಾಳುತ್ತೆ! ಆ ಬಾಯ್ಲರ್ ಇನ್ನೂ ಹತ್ತು ವರ್ಷ..."

"ಬಾಯ್ಲರ್ ಸೊನ್ನೆ ಭಾವ. ನೀವೇ ಹಾಕಿಸಿದ್ದು."

"ಅದು ಪುಸ್ತಕದಲ್ಲಿ!"

"ಬೆಲೆನೂ ಪುಸ್ತಕದ್ದೇ."

ಅವನು ಎದ್ದ, ಕೂತ, ಮತ್ತೆ ಎದ್ದ. ಆಮೇಲೆ ಸ್ವರ ಇಳಿಸಿದ. "ನೋಡಮ್ಮ, ನಾವು ಒಂದೇ ಮನೆಯೋರು. ಅಪ್ಪ ಕೈಯಾರೆ ಕಟ್ಟಿದ ಜಾಗ. ಅರವತ್ತು ವರ್ಷಕ್ಕೆ ನಾನು ಎಲ್ಲಿಗೆ ಹೋಗ್ಲಿ? ಆ ಪತ್ರ ಹರಿದುಬಿಡೋಣ. ಮೊದಲಿನ ಹಾಗೇ ಇರೋಣ. ಲಾಭ ಸರಿಯಾಗಿ ಹಂಚ್ಕೊಳ್ಳೋಣ, ಇನ್ನು ಮೇಲೆ."

ಚೀಟಿಯಮ್ಮ ಚೀಲದಿಂದ ಇನ್ನೊಂದು ಹಾಳೆ ತೆಗೆದಳು. ಅದನ್ನು ಅವನ ಕಡೆ ತಿರುಗಿಸಿ, ಅವನದೇ ಪೆನ್ನಿನ ತುದಿಯಿಂದ ಒಂದು ಸಾಲನ್ನು ತೋರಿಸಿದಳು.

"ಇದು ಯಾವ ತಾರೀಖು ಅಂತ ಓದಿ."

ಅವನು ಓದಿದ.

"ಬಡ್ಡಿ ಉಳೀತು ಅಂತ ಕಟ್ಟಿದೆ" ಎಂದ. "ಅವನು ಅಷ್ಟು ಬೇಗ ಹೋಗ್ತಾನೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಎಷ್ಟು ಉಳೀತು ಬಡ್ಡಿ?"

ಅವನು ಹಾಳೆಯನ್ನು ಮಗುಚಿ ಹಾಕಿದ.

"ಹನ್ನೊಂದು ಸಾವಿರದ ನಾನೂರು. ಅಷ್ಟಕ್ಕೆ ತಮ್ಮನನ್ನೇ ಬಿಟ್ಟುಕೊಟ್ರಿ. ನಾನು ಅಣ್ಣನಿಗೆ ಆರು ಲಕ್ಷ ಕೊಡ್ತಿದೀನಿ, ಧಾರಾಳಿ ಅನ್ಬೇಕು ನೀವು ನನ್ನ. ರುಜು ಹಾಕಿ."

ರೋಲರು ನಿಂತುಹೋಗಿತ್ತು. ಬಾಗಿಲ ಹೊರಗೆ ಕೆಲಸದವರೆಲ್ಲ ಸೇರಿದ್ದರು. ಭಾವ ಮೊದಲ ಸಲ ಪೆನ್ನೆತ್ತಿದಾಗ ಅದರ ಮುಚ್ಚಳ ಎಲ್ಲಿ ಹೋಯಿತೆಂದು ಹುಡುಕಿದ, ಎರಡನೆಯ ಸಲ ಕನ್ನಡಕ ಹುಡುಕಿದ, ಮೂರನೆಯ ಸಲ ರುಜು ಹಾಕಿದ. ಅವಳು ಪ್ರತಿ ಹಾಳೆಯಲ್ಲೂ ಹಾಕಿಸಿದಳು, ಅಂಚಿನಲ್ಲಿ ಒಂದು ತಪ್ಪಿದ್ದನ್ನೂ ತೋರಿಸಿ ಹಾಕಿಸಿದಳು. ಅವನು ಹೊರಟಾಗ ಯಾರೂ ದಾರಿ ಬಿಡಲು ಅವಸರ ಮಾಡಲಿಲ್ಲ.

"ಹೊಟ್ಟೆ ತಣ್ಣಗಾಯ್ತೇನೇ?" ಎಂದು ರೋಲರಕ್ಕ ಕೇಳಿದಳು.

ಚೀಟಿಯಮ್ಮ ತನ್ನೊಳಗೆ ನೋಡಿಕೊಂಡಳು. ತಣ್ಣಗಾಗಿರಲಿಲ್ಲ. ಗಂಡ ಬರುವಂತಿರಲಿಲ್ಲ. ಆದರೆ ಭಾವನ ಕೈ ಚೆಕ್ಕಿನ ಮೇಲೆ ನಿಂತುಹೋದ ಆ ಗಳಿಗೆಯನ್ನು ನೆನೆದರೆ ಬಾಯಿ ಸಿಹಿಯಾಗುತ್ತಿತ್ತು. ಮಾಡಿದ್ದು ಹೆಚ್ಚಾಯಿತು ಎಂದು ಅವಳಿಗೆ ಅನ್ನಿಸಲೇ ಇಲ್ಲ. "ಇನ್ನೂ ಸ್ವಲ್ಪ ಇದೆ" ಎಂದಳು.

ಸೋಮವಾರ ಬೆಳಿಗ್ಗೆ ವ್ಯಾನಿನವನು ಒಂದು ದೊಡ್ಡ ಗಂಟನ್ನು ತಂದು ತಕ್ಕಡಿಯ ಪಕ್ಕ ಇಟ್ಟ. ಒಳಗೆ ಹಾಸಿಗೆಯ ಹೊದಿಕೆಗಳು, ಕಿಟಕಿಯ ಪರದೆಗಳು, ಗಂಡಸಿನ ಬಿಳಿ ಅಂಗಿಗಳು. ಓರಗಿತ್ತಿಯ ಮನೆಯ ಬಟ್ಟೆ ವಾರವಾರ ಹೀಗೆ ಬಂದು ಒಗೆಸಿಕೊಂಡು ಹೋಗುತ್ತಿತ್ತು, ಚೀಟಿ ಇಲ್ಲದೆ, ಬಿಲ್ಲಿಲ್ಲದೆ. ರೂಢಿಯ ಬಲದಲ್ಲಿ ಈ ವಾರವೂ ಬಂದಿತ್ತು.

"ಇದು ದೊಡ್ಡಮನೇದಮ್ಮ" ಎಂದ ವ್ಯಾನಿನವನು, ಗಂಟನ್ನು ನೇರ ಒಳಗೆ ಒಯ್ಯಲು ಎತ್ತಿಕೊಳ್ಳುತ್ತ.

"ಗೊತ್ತು. ತಕ್ಕಡಿಗೆ ಹಾಕು."

ಹದಿನಾಲ್ಕು ಕಿಲೋ ಬಂತು. ಅವಳು ಚೀಟಿ ಹರಿದು ಗಂಟಿಗೆ ಪಿನ್ನು ಮಾಡಿದಳು. ಪರದೆಗೆ ಬೇರೆ ದರ, ಅಂಗಿಗೆ ಇಸ್ತ್ರಿ ಬೇರೆ. ಕಂಪ್ಯೂಟರು ಹೊಸ ಗಿರಾಕಿಯೇ ಎಂದು ಕೇಳಿತು, ಹೌದು ಎಂದಳು. ಹೆಸರಿನ ಜಾಗದಲ್ಲಿ ಮೊದಲು 'ಭಾವ' ಎಂದು ಹೊಡೆದು, ಅಳಿಸಿ, ಪಾಲುಪತ್ರದಲ್ಲಿದ್ದ ಹಾಗೆ ಪೂರ್ತಿ ಹೆಸರನ್ನು ಹಾಕಿದಳು. ಪಾವತಿ ಹೇಗೆ ಎಂದು ಕೇಳಿದ ಕಡೆ ಉದ್ರಿ, ತಿಂಗಳ ಖಾತೆ, ನಗದು ಎಂದು ಮೂರಿದ್ದವು. ನಗದನ್ನು ಒತ್ತಿದಳು.

"ದುಡ್ಡು ತಂದುಕೊಟ್ಟ ಮೇಲೆ ಬಟ್ಟೆ ಅಂತ ಹೇಳು" ಎಂದು ಬಿಲ್ಲನ್ನು ವ್ಯಾನಿನವನ ಕೈಗಿತ್ತಳು. ಆಮೇಲೆ ಒಳಗಿನವರಿಗೆ ಕೇಳುವಂತೆ ಕೂಗಿದಳು: "ಅಂಗಿ ಕಾಲರು ಚೆನ್ನಾಗಿ ಉಜ್ಜಿ. ದುಡ್ಡು ಕೊಡೋ ಗಿರಾಕಿ."